ಮೂರೂವರೆ ಫ್ಯಾಟಿನ ಭುಜ

ಬಂಗಾರಪೇಟೆ ತಾಲೂಕಿನಲ್ಲಿ ಓದಿದವರಿದ್ದಾರೆ, ಕಾನೂನು ಬಲ್ಲವರಿದ್ದಾರೆ, ಬೆಳಗಿನ ರೈಲಿನಲ್ಲಿ ನಿಂತೇ ನಿದ್ದೆ ಮಾಡುವ ಯೋಗಿಗಳೂ ಇದ್ದಾರೆ. ಆದರೆ ತಾಲೂಕಿನ ಅತ್ಯಂತ ಬುದ್ಧಿವಂತ ಅಂಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹಿಂದೆ ಮುಂದೆ ನೋಡದೆ ಹೇಳಿಬಿಡುತ್ತೇನೆ: ನಮ್ಮ ಭಾವನ ಬಲಭುಜ!

ನಗಬೇಡಿ. ಐವತ್ತು ಕೆಜಿಯ ಹಸುವಿನ ಫೀಡಿನ ಮೂಟೆಯನ್ನು ಆ ಭುಜದ ಮೇಲಿಡಿ, ಅದು ತುಟಿಪಿಟಿಕ್ ಎನ್ನುವುದಿಲ್ಲ. ತುಂಬಿದ ಹಾಲಿನ ಕ್ಯಾನು ಕೊಡಿ, ನೆಲದಿಂದೆತ್ತಿ ಗಾಡಿಗೆ ಏರಿಸುತ್ತದೆ. ಆದರೆ ಒಂದು ಲೋಟ ಹಾಲಿನಷ್ಟೂ ತೂಗದ ಬಾಲ್ ಬ್ಯಾಡ್ಮಿಂಟನ್ ಬ್ಯಾಟನ್ನು ತೋರಿಸಿ ನೋಡೋಣ! ಕೈಗೆ ಕೊಡುವುದೂ ಬೇಡ, ಗೋಡೆಗೆ ಒರಗಿಸಿಟ್ಟರೆ ಸಾಕು. "ಅಯ್ಯಪ್ಪಾ, ಎಳೀತೈತೆ ಕಣ್ಲಾ!" ಕಣ್ಣಿಲ್ಲದ ಭುಜಕ್ಕೆ ಗೋಡೆಗೊರಗಿದ ಬ್ಯಾಟು ಹೇಗೆ ಕಾಣುತ್ತದೆ? ಇದಕ್ಕಿಂತ ಬುದ್ಧಿವಂತಿಕೆ ಬೇಕೇ?

ಭಾವ ಎಂದರೆ ನನ್ನ ಅಕ್ಕನ ಗಂಡ. ವಯಸ್ಸಿನಲ್ಲಿ ದೊಡ್ಡವನು, ನ್ಯಾಯವಾಗಿ 'ಅವರು' ಎನ್ನಬೇಕು. ಆದರೆ ಒಂದೇ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಇಪ್ಪತ್ತೈದು ವರ್ಷ ಪ್ರತಿ ಭಾನುವಾರ ಬೈದಾಡಿಕೊಂಡವರ ನಡುವೆ 'ಅವರು' ಎಷ್ಟು ದಿನ ನಿಂತೀತು! ನಮ್ಮೂರಿನ ಹಾಲಿನ ಡೈರಿಗೆ ಅವನೇ ಸೆಕ್ರೆಟರಿ. ಬೆಳಿಗ್ಗೆ, ಸಂಜೆ ಊರವರು ತಂದ ಹಾಲನ್ನು ಪರೀಕ್ಷಿಸಿ, ಇದರ ಫ್ಯಾಟು ಇಷ್ಟು, ಡಿಗ್ರಿ ಇಷ್ಟು ಎಂದು ತೀರ್ಪು ಕೊಡುವ ನ್ಯಾಯಾಧೀಶ. ಫ್ಯಾಟು ಎಂದರೆ ಹಾಲಿನ ಕೊಬ್ಬು. ಡಿಗ್ರಿ ಎಂದರೆ ಹಾಲಿನಲ್ಲಿ ಮುಳುಗಿಸುವ ಗಾಜಿನ ಕೊಳವೆ ತೋರಿಸುವ ಅಂಕಿ. ನೀರು ಬೆರೆಸಿದ್ದರೆ ಅದು ಇಳಿದು ನಿಮ್ಮ ಮಾನ ಕಳೆಯುತ್ತದೆ. ಆ ಕೊಳವೆ ಕೈಯಲ್ಲಿದ್ದರೆ ಭಾವ ಹೆತ್ತ ತಾಯಿಯ ಕ್ಯಾನನ್ನೂ ನಂಬುವವನಲ್ಲ.

ಭಾನುವಾರ ಮಧ್ಯಾಹ್ನ ಮಾತ್ರ ಆ ಕೊಳವೆ ಗೂಡು ಸೇರುತ್ತಿತ್ತು. ನಾವು ಐದು ಜನ ಊರಿಗಾಂ ಗ್ರೌಂಡಿಗೆ ಹೊರಡುತ್ತಿದ್ದೆವು. ಅಲ್ಲಿ ಚಿನ್ನದ ಗಣಿಯ ಕಾರ್ಮಿಕರಿಗೆಂದು ಕಟ್ಟಿದ ಕೋರಮಂಡಲ್ ಲೈನುಮನೆಗಳ ಐದು ಜನ ನೆಟ್ಟು ಕಟ್ಟಿಕೊಂಡು ಕಾಯುತ್ತಿದ್ದರು. ಬಾಲ್ ಬ್ಯಾಡ್ಮಿಂಟನ್ ನೋಡದವರಿಗೆ ಹೇಳಿಬಿಡುತ್ತೇನೆ: ದಪ್ಪ ನಿಂಬೆಹಣ್ಣಿನಷ್ಟು ಹಳದಿ ಉಣ್ಣೆಯ ಚೆಂಡು. ಮುಟ್ಟಿದರೆ ಅಜ್ಜಿಯ ಸ್ವೆಟರಿನಷ್ಟು ಮೆತ್ತಗೆ. ಅದಕ್ಕಾಗಿ ಹತ್ತು ಜನ ಸಂಸಾರಸ್ಥರು ಬಿಸಿಲಿನಲ್ಲಿ ಗಂಟಲು ಹರಿದುಕೊಳ್ಳುತ್ತಾರೆ.

ಹೋದ ವರ್ಷದ ಒಂದು ಭಾನುವಾರ, ಆಟ ಕೊನೆಗೆ ಬಂದಿತ್ತು. ಭಾವ ಹಿಂದೆ, ನಾನು ನಡುವೆ. ಎದುರಿನವರು ಎತ್ತಿ ಹೊಡೆದ ಚೆಂಡು ನಮ್ಮಿಬ್ಬರ ತಲೆಯ ಮೇಲೆ ಇಳಿಯುತ್ತಿತ್ತು. ಭಾವ ಕೈಯೆತ್ತಿ ಓಡಿಬಂದ. ನಡುವೆ ಏನೋ ಗಲಿಬಿಲಿಯಾಯಿತು, ಅದು ಈಗ ಬೇಡ. ಧೂಳು ಇಳಿದಾಗ ಭಾವ ನೆಲದ ಮೇಲಿದ್ದ, ಅವನ ಬಲಗೈ ದೇವರು ಜೋಡಿಸಿದ ಜಾಗದಲ್ಲಿ ಇರಲಿಲ್ಲ.

ಕೋಲಾರದಲ್ಲಿ ಆಪರೇಷನ್ ಆಯಿತು. ಕೀಲು ಕೂಡಿಸಿ, ಒಳಗೆ ಹರಿದದ್ದನ್ನು ಹೊಲಿದು, ಕೈಯನ್ನು ಜೋಳಿಗೆಯಂಥ ಪಟ್ಟಿಯಲ್ಲಿ ಹಾಕಿ ಕೊರಳಿಗೆ ನೇತುಹಾಕಿ ಕಳಿಸಿದರು. ಆ ಜೋಳಿಗೆಯೊಂದಿಗೆ ಭಾವನ ಜೀವನದ ಸುವರ್ಣಯುಗ ಆರಂಭವಾಯಿತು. ಎಡಗೈಯಲ್ಲೇ ಆಜ್ಞೆ, ಎಡಗೈಯಲ್ಲೇ ಆಶೀರ್ವಾದ. ಡಾಕ್ಟರು ಆರು ವಾರ ಎಂದಿದ್ದರು; ಇವನು ಮೂರು ತಿಂಗಳು ಹಾಕಿಕೊಂಡ. ಮದುವೆಮನೆಗೆ ಹೊರಟಾಗ ಇಸ್ತ್ರಿ ಮಾಡಿಸಿ ಹಾಕಿಕೊಂಡ! ಊಟಕ್ಕೆ ಕೂತರೆ ಮಾತ್ರ ಜೋಳಿಗೆ ಗೋಡೆಯ ಮೊಳೆಗೆ, ಬಲಗೈ ಮುದ್ದೆಗೆ. ಮುದ್ದೆ ಮುಗಿದು ಕೈ ತೊಳೆದರೆ ಮತ್ತೆ ಜೋಳಿಗೆ ಕೊರಳಿಗೆ.

"ಬಾವ, ಮುದ್ದೆ ಮುರಿಯಾಕೆ ಭುಜ ಬೇಡ್ವಾ?" ಎಂದೆ.

"ಮುದ್ದೆ ಕೆಳಗೈತೆ ಕಣ್ಲಾ, ಚೆಂಡು ಮ್ಯಾಲಿಂದ ಬತ್ತೈತೆ" ಎಂದ. ವಿಜ್ಞಾನ!

ಇನ್ನು ಭುಜ ಮುರಿದ ಕತೆ. ಡೈರಿಯ ಸಾಲಿನಲ್ಲಿ ದಿನಾ ಎಪ್ಪತ್ತು ಜನ. ಒಬ್ಬೊಬ್ಬರೂ ಕೇಳುವುದು ಅದನ್ನೇ: "ಎಂಗಾತಪ್ಪಾ?" ಇವನು ಮೊದಲ ವಾರ ಹೇಳಿದ್ದು, ಕೋರ್ಟಿನಲ್ಲಿ ಗುಂಡಿಯಿತ್ತು. ಎರಡನೇ ವಾರ ಗುಂಡಿ ಮುಚ್ಚಿಹೋಗಿ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಣ್ಣೆಯ ಧೂಳು ಕಣ್ಣಿಗೆ ಬಿತ್ತು. ಮೂರನೇ ವಾರ ಕರಿ ನಾಯಿಯೊಂದು ಅಡ್ಡ ಬಂತು. ನಾಲ್ಕನೇ ವಾರಕ್ಕೆ ನಾಯಿಗೆ ಮರಿಗಳೂ ಆಗಿದ್ದವು. ಕಡೆಗೆ ಒಂದು ದಿನ ನಾನೇ ಸಾಲಿನಲ್ಲಿ ನಿಂತಿದ್ದಾಗ ಕೇಳಿಸಿತು: "ಮೈಸೂರು ಮೈನ್ಸ್ ಕಡೆ ಒಳಗಡೆ ಏನೋ ಕುಸೀತು ಕಣಮ್ಮ, ನೆಲಾನೇ ಅದುರೋಯ್ತು, ನಾನ್ ಬಿದ್ದೆ." ಇಪ್ಪತ್ತು ವರ್ಷದಿಂದ ಮುಚ್ಚಿ ನೀರು ತುಂಬಿ ಮಲಗಿರುವ ಗಣಿಯನ್ನೂ ಈ ಮನುಷ್ಯ ಬಿಡಲಿಲ್ಲ! ಸುಳ್ಳಿಗೂ ಒಂದು ಅಳತೆ ಬೇಡವೇ? ಊರಿನ ಹಾಲಿಗೆಲ್ಲ ಕೊಳವೆ ಹಾಕುವವನ ಬಾಯಿಗೆ ಕೊಳವೆ ಹಾಕುವವರು ಯಾರು?

"ಯಾಕೆ ಬಾವ ದಿನಕ್ಕೊಂದು ಕತೆ ಏಳ್ತೀಯಾ? ನಾನಲ್ಲೇ ಇದ್ನಲ್ಲ" ಎಂದು ರೇಗಿದೆ.

"ಕೇಳೋರಿಗೆ ಬೇಜಾರಾಗಬಾರ್ದು ಕಣ್ಲಾ" ಎಂದು ಮುಂದಿನ ಕ್ಯಾನಿಗೆ ಕೈಹಾಕಿದ.

ಜೋಳಿಗೆ ಕಳಚಿದ ಮೇಲೆ ಪ್ರತಿ ಶನಿವಾರ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಊರಿಗಾಂನ ಫಿಸಿಯೋಥೆರಪಿಯ ಹುಡುಗಿಯ ಹತ್ತಿರ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ವಾರದ ಐದು ದಿನ ಕೆಲಸಕ್ಕೆ ಬೆಂಗಳೂರಿನ ರೈಲು, ಆರನೆಯ ದಿನ ಭಾವನ ಭುಜ! ಆಕೆ ಲೈನುಮನೆಯಲ್ಲೇ ಬೆಳೆದವಳು, ಅವಳ ತಾತ ಗಣಿಗಿಳಿದವರು. ಮಾತಿನಲ್ಲಿ ಕನ್ನಡ ತಮಿಳು ಎರಡೂ ಒಂದೇ ಲೋಟದಲ್ಲಿ. ರಬ್ಬರ್ ಪಟ್ಟಿ ಎಳೆಸುತ್ತಾಳೆ, ಗೋಡೆಗೆ ಬೆರಳು ಹತ್ತಿಸುತ್ತಾಳೆ. ಮುಗಿದ ಮೇಲೆ ಒಂದು ಕಾಗದ ಹಿಡಿದು ಪ್ರಶ್ನೆ ಕೇಳುತ್ತಾಳೆ.

"ಅಂಕಲ್, ಕೈ ವಾಸಿ ಆಗೋದು ಬೇರೆ, ಮನಸ್ಸು ವಾಸಿ ಆಗೋದು ಬೇರೆ. ಮನಸ್ಸು ರೆಡಿ ಇಲ್ದೆ ಕೋರ್ಟಿಗೆ ಇಳಿದ್ರೆ ಭಯದಲ್ಲೇ ತಪ್ಪು ಮಾಡಿ ಮತ್ತೆ ಬೀಳ್ತೀರಾ. ಅದಕ್ಕೇ ಕೇಳೋದು. ಭಯ ಇಲ್ದೆ ಕೈ ಎತ್ತಿ ಹೊಡೀತೀನಿ ಅನ್ನೋ ನಂಬಿಕೆ ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ."

ಭಾವ ಕಣ್ಣು ಮುಚ್ಚಿ, ಎದೆಯುಬ್ಬಿಸಿ, ಗಂಭೀರವಾಗಿ ಹೇಳಿದ: "ಮೂರೂವರೆ."

ಆಕೆ ಮುಖ ಸಣ್ಣ ಮಾಡಿಕೊಂಡು ಬರೆದುಕೊಂಡಳು. "ಪರವಾಗಿಲ್ಲ ಅಂಕಲ್. ಇನ್ನೂ ಟೈಮ್ ಬೇಕು."

ಮುಂದಿನ ಶನಿವಾರವೂ ಮೂರೂವರೆ. ಅದರ ಮುಂದಿನದೂ. ಒಂದು ವಾರ ಬಹಳ ಹುರುಪಿನಲ್ಲಿದ್ದ, "ಮೂರು ಪಾಯಿಂಟ್ ಎಂಟು!" ಎಂದು ಘೋಷಿಸಿ, ಚಪ್ಪಾಳೆಗೆ ಕಾಯುವವನಂತೆ ನಮ್ಮಿಬ್ಬರನ್ನೂ ನೋಡಿದ. ಆಕೆ ನಿಟ್ಟುಸಿರುಬಿಟ್ಟು ಹೊಸದೊಂದು ರಬ್ಬರ್ ಪಟ್ಟಿ ಕೊಟ್ಟಳು. ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು ಗೊಣಗಾಟ: "ಮೂರು ಎಂಟು ಕೊಟ್ಟರೂ ಮುಖ ಗಂಟಿಕ್ತಾಳಲ್ಲ ಈ ಉಡುಗಿ! ಇನ್ನೆಷ್ಟು ಕೊಡ್ಬೇಕಂತೆ?"

ಹೀಗೆ ಭುಜ ಮೂರೂವರೆಯಲ್ಲಿ ನಿಂತಿದ್ದಾಗಲೇ ಹಸುವಿನ ಪ್ರಕರಣ ನಡೆಯಿತು. ಅಕ್ಕನ ಮನೆಯ ಜರ್ಸಿ ಹಸು ಕಟ್ಟಿದ ಹಗ್ಗ ಬಿಚ್ಚಿಕೊಂಡು, ಪಕ್ಕದವರ ಟೊಮೆಟೊ ತೋಟದ ಕಡೆಗೆ ಓಟ ಕಿತ್ತಿತು. ಭಾವ ಅಂಗಳದಿಂದ ಹಾರಿ ಹಗ್ಗದ ತುದಿ ಹಿಡಿದ. ಯಾವ ಕೈಯಲ್ಲಿ? ಬಲಗೈಯಲ್ಲಿ! ನಾಲ್ಕು ಕಾಲಿನ ಅಷ್ಟು ದೊಡ್ಡ ಪ್ರಾಣಿ ಒಂದು ಕಡೆಗೆ, ನಮ್ಮ ಭಾವನ ಭುಜ ಇನ್ನೊಂದು ಕಡೆಗೆ. ಹಸುವೇ ಸೋತು ನಿಂತಿತು. ನಾನೂ ಅಕ್ಕನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಸುಮ್ಮನಿರಬಹುದಿತ್ತು, ನನ್ನ ನಾಲಿಗೆ ಕೇಳಬೇಕಲ್ಲ.

"ಬಾವ, ಬಲಗೈ!"

ಭಾವ ತನ್ನ ಕೈಯನ್ನು ಮೊದಲ ಸಲ ನೋಡುವವನಂತೆ ನೋಡಿದ. "ಅಮ್ಮಾ!" ಎಂದು ಕಿರುಚಿ ಹಗ್ಗ ಬಿಟ್ಟೇಬಿಟ್ಟ. ಹಸು ಟೊಮೆಟೊ ತಿನ್ನಲು ಹೋಯಿತು.

ಅಕ್ಕ ಸೆರಗು ಬಿಗಿದು ನನ್ನ ಮೇಲೆ ತಿರುಗಿದಳು. "ನೋಡ್ದಾ ಇವ್ರ ನಾಟಕಾನಾ? ಭಾನುವಾರ ಬಂತಂದ್ರೆ ಅಡುಗೆಮನೆಗೆ ಬಂದು ಕಾಫಿಗಿಟ್ಟ ಹಾಲಿಗೆ ಆ ಕೊಳವೆ ಆಕ್ತಾರೆ. ನಾನ್ ಕರೆದ ಹಾಲಿಗೆ ನಾನೇ ನೀರು ಬೆರೆಸ್ತೀನಾ? ಇವ್ರನ್ನ ಗ್ರೌಂಡಿಗಾದ್ರೂ ಕರ್ಕೊಂಡೋಗು, ಇಲ್ಲಾ ನಂಗೆ ನಿಮ್ಮನೇಲೊಂದು ಚಾಪೆ ಆಕಿಕೊಡು."

ಅಕ್ಕ ಬೈದದ್ದು ಜೋರಾಗಿ. ಭಾವ ಹಸು ಹಿಡಿಯಲು ಅತ್ತ ಹೋದ ಮೇಲೆ ಮೆತ್ತಗೆ ಹೇಳಿದ್ದು ಬೇರೆ: "ಭಾನುವಾರ ಮೂರು ಗಂಟೆ ಆಯ್ತಂದ್ರೆ ಬೂಟು ತಗೊಂಡು ಒರೆಸ್ತಾರೆ ಕಣೋ. ಒರೆಸಿ ಒಳಗಿಡ್ತಾರೆ. ಇನ್ನೊಂದ್ ವರ್ಷ ಇಂಗೇ ಆದ್ರೆ ಒರೆಸೋದನ್ನೂ ಬಿಟ್ಬಿಡ್ತಾರೆ. ಆಮೇಲೆ ಆ ಮನುಷ್ಯನ್ನ ನಾನು ಎಲ್ಲಿ ಉಡುಕ್ಲಿ?"

ಅದು ನನಗೂ ಗೊತ್ತಿತ್ತು. ಆಡುವವನಿಗೆ ಆಟ ತಪ್ಪಿದರೆ ಒಂದು ಭಾನುವಾರ ತಪ್ಪುತ್ತದೆ, ಎರಡು ತಪ್ಪುತ್ತದೆ. ಆಮೇಲೆ ಒಂದು ದಿನ ಅವನು ಆಡುವವನಾಗಿರುವುದಿಲ್ಲ, ಆಡುತ್ತಿದ್ದವನಾಗಿರುತ್ತಾನೆ. ನಮ್ಮ ತಂಡದಲ್ಲಿ ಉಳಿದ ಮೂವರು ಯಾರ್ಯಾರನ್ನೋ ಸೇರಿಸಿಕೊಂಡು ಹೇಗೋ ಆಡುತ್ತಿದ್ದರು. ಮೂವರು ಯಾಕೆ ಎಂದಿರಾ? ಭಾವ ಒಬ್ಬ. ಇನ್ನೊಬ್ಬ ನಾನು. ನನಗೆ ಮಂಡಿನೋವು. ಜೊತೆಗೆ ಇವನನ್ನು ಸ್ಕೂಟರಿನಲ್ಲಿ ಹೊತ್ತು ತಿರುಗುವ ಕೆಲಸ ಬೇರೆ. ಇರಲಿ.

ಆ ಶನಿವಾರ ಕ್ಲಿನಿಕ್ಕಿನಲ್ಲಿ ಮತ್ತೆ "ಮೂರೂವರೆ" ಕೇಳಿದಾಗ ನನ್ನ ತಲೆಯಲ್ಲಿ ದೀಪ ಹತ್ತಿತು. ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದೆ.

"ಮೇಡಂ, ಇವನ ಡೈರೀಲಿ ಮೂರೂವರೆ ಫ್ಯಾಟ್ ಬಂದ್ರೆ ಒಳ್ಳೆ ಹಾಲು ಅಂತ ಲೆಕ್ಕ. ಮೂರು ಎಂಟು ಬಂದ್ರೆ ಹಸೂಗೆ ಕುಂಕುಮ ಇಡ್ತಾರೆ. ಹತ್ತು ಬಂದ್ರೆ ಮಿಷನ್ನು ಕೆಟ್ಟಿದೆ ಅಂತ ರಿಪೇರಿಯವನನ್ನ ಕರೀತಾರೆ! ಇವನು ನಿಮಗೆ ಇಷ್ಟು ತಿಂಗಳಿಂದ ಫಸ್ಟ್ ಕ್ಲಾಸ್ ಮಾರ್ಕು ಕೊಡ್ತಾ ಇದ್ದಾನೆ!"

ಆಕೆ ಕಾಗದ ಕೆಳಗಿಟ್ಟಳು. "ಐಯೋ ಅಂಕಲ್! ನಾನು ನಿಮಗೋಸ್ಕರ ಸಾಮಿಗೆ ಬೇಡ್ಕೊಂಡಿದ್ದೀನಿ! ಹಾಗಾದ್ರೆ ನೀವು ರೆಡಿ! ಕೈ ಬಲ ಬಂದಿದೆ, ಮನಸ್ಸೂ ಬಂದಿದೆ. ನಾಳೆ ಭಾನುವಾರ, ಮೆಲ್ಲಗೆ ಆಡಿ."

ಇಷ್ಟು ಹೊತ್ತು ಗೆದ್ದವನಂತೆ ಕೂತಿದ್ದ ಭಾವನ ಮುಖದ ಬಣ್ಣ ನೋಡಬೇಕಿತ್ತು! ಒಡೆದ ಹಾಲಿನ ಹಾಗೆ ಆಗಿಹೋಯಿತು. ಬಲಭುಜದ ಮೇಲೆ ಎಡಗೈ ತಾನಾಗಿ ಏರಿತು.

"ಅಂಗೆಲ್ಲ ಆತುರ ಮಾಡಬಾರ್ದು ಮೇಡಂ. ಫ್ಯಾಟ್ ಬಂದೈತೆ, ಇಲ್ಲ ಅನ್ನಾಕಿಲ್ಲ." ತಲೆ ತಗ್ಗಿಸಿ, "ಡಿಗ್ರಿ ಬಂದಿಲ್ಲ."

ಆಕೆ ನನ್ನ ಮುಖ ನೋಡಿದಳು. "ಡಿಗ್ರಿ ಇಳಿದಿದೆ ಅಂದ್ರೆ ನೀರು ಬೆರೆತಿದೆ ಅಂತ" ಎಂದೆ.

"ನೀರು ಎಲ್ಲಿಂದ ಬಂತು ಅಂಕಲ್?"

ಭಾವ ಕಿಟಕಿಯಾಚೆಯ ದಿಣ್ಣೆ ನೋಡುತ್ತ ಕೂತ. ಆಕೆ ಅದೇ ಪ್ರಶ್ನೆಯ ಕಾಗದವನ್ನು ಕೈಯಲ್ಲಿ ಹಿಡಿದು, ಸುಮ್ಮನೆ ಎಂಬಂತೆ ನನ್ನ ಕಡೆ ತಿರುಗಿದಳು. "ಅಣ್ಣಾ, ನೀವೂ ಇವರ ಟೀಮಲ್ಲೇ ಆಡ್ತಿದ್ರಿ ಅಲ್ವಾ? ನೀವ್ಯಾಕೆ ಬಿಟ್ರಿ?"

"ಮಂಡಿ" ಎಂದೆ.

"ಯಾವ ಮಂಡಿ?"

"ಅದು… ಎರಡೂ." ಆಕೆ ನನ್ನ ಮಂಡಿಗಳನ್ನೇ ನೋಡಿದಳು. ಎರಡು ಮಹಡಿ ಹತ್ತಿ ಬಂದಿದ್ದೆ, ಭಾವನ ಚೀಲವನ್ನೂ ನಾನೇ ಹೊತ್ತಿದ್ದೆ.

ಮರುದಿನ ನಾನು ಭಾವನನ್ನು ಬಿಡಲಿಲ್ಲ. ಬೂಟು ಒರೆಸುತ್ತಿದ್ದವನನ್ನು ಹಾಗೇ ಎಬ್ಬಿಸಿ, "ಆಡ್ಬೇಡ, ಬಂದು ಕೂತ್ಕೊ ಸಾಕು" ಎಂದು ಸ್ಕೂಟರು ಹತ್ತಿಸಿದೆ. ಬಿಳಿ ಬೂಟು, ಬಿಳಿ ಚಡ್ಡಿ, ಇಸ್ತ್ರಿ ಮಾಡಿದ ಅಂಗಿ, ಟವಲಿನಲ್ಲಿ ಸುತ್ತಿದ ಬ್ಯಾಟು. ಹೆಣ್ಣು ನೋಡಲು ಹೊರಟವನೂ ಇಷ್ಟು ಸಿಂಗಾರ ಮಾಡಿಕೊಳ್ಳುವುದಿಲ್ಲ. ಗ್ರೌಂಡು ಮುಟ್ಟಿದೊಡನೆ ಬೇವಿನ ಮರದ ಕೆಳಗೆ ಹೋಗಿ, ಅಂಪೈರು ಎಂದು ತನ್ನನ್ನು ತಾನೇ ನೇಮಿಸಿಕೊಂಡು ಕುರ್ಚಿಯಲ್ಲಿ ಕೂತ.

ಎದುರು ತಂಡದ ಕ್ಯಾಪ್ಟನ್, ನಮ್ಮ ಇಪ್ಪತ್ತೈದು ವರ್ಷದ ವೈರಿ, ನೆಟ್ಟಿನ ಹತ್ತಿರದಿಂದಲೇ ಕೂಗಿದ: "ಎನ್ನಣ್ಣಾ! ಬೂಟು ಬಂದಿದೆ, ಬ್ಯಾಟು ಬಂದಿದೆ, ಕೈ ಮಾತ್ರ ಮನೇಲಿ ಬಿಟ್ಟು ಬಂದ್ರಾ?"

ಎಲ್ಲರೂ ನಕ್ಕರು. ಭಾವನೂ ನಕ್ಕ. ನಾನು ಇನ್ನೂ ಜೋರಾಗಿ ನಕ್ಕೆ. ನಕ್ಕದ್ದು ಸಾಲದೆಂದು ಪಕ್ಕಕ್ಕೆ ಹೋಗಿ ಕೂತು ಕುಟುಕತೊಡಗಿದೆ.

"ನಾಚ್ಕೆ ಆಗಲ್ವಾ ಬಾವ? ಹಸೂನ ಎಳೆದು ನಿಲ್ಸಿದ ಭುಜ. ಸ್ವೆಟರ್ ಉಂಡೇಗೆ ಎದರ್ಕೊಂಡು ಕೂತೈತೆ. ಡಾಕ್ಟ್ರು ಆಡು ಅಂದಾಯ್ತು, ಆ ಉಡುಗಿ ಆಡು ಅಂದಾಯ್ತು. ನಿಂಗೆ ಇನ್ಯಾರು ಬಂದು ಏಳ್ಬೇಕು?"

ಭಾವ ಬ್ಯಾಟಿನ ಟವಲು ಬಿಚ್ಚಿದ. ತಂತಿಗಳ ಮೇಲೆ ಬೆರಳಾಡಿಸಿದ. ನನ್ನ ಕಡೆ ನೋಡದೆಯೇ ಕೇಳಿದ:

"ನಿನ್ ಬ್ಯಾಟ್ ಎಲ್ಲೈತೆ?"

"ಮನೇಲಿ. ನಂಗೆ ಮಂಡಿ…"

"ನಿನ್ನ ಮಂಡಿ ಕತೆ ನಂಗ್ ಏಳ್ಬೇಡ. ನನ್ನ ನಾಯಿ ಕತೆಗಿಂತ ದೊಡ್ಡ ಸುಳ್ಳು ಅದು." ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಆವತ್ತು ಚೆಂಡು ಮ್ಯಾಲಿದ್ದಾಗ 'ಬಾವ, ನಿಂದು!' ಅಂತ ನೀನೇ ಕೂಗ್ದೆ. ನಾನು ಬಂದೆ. ಬಂದ ಮ್ಯಾಲೆ ನೀನೂ ಬಂದೆ."

ಹೌದು. ಈಗ ಬೇಡ ಎಂದು ನಾನು ನಿಮಗೆ ಹಾರಿಸಿದ ಗಲಿಬಿಲಿ ಅದೇ. ನಿಂದು ಎಂದು ಕೂಗಿದವನು ನಾನು. ಕೂಗಿದ ಮರುಕ್ಷಣ, ಇವನ ಕೈಯಲ್ಲಿ ಆಗುತ್ತದೋ ಇಲ್ಲವೋ ಎನಿಸಿ, ನಾನೇ ಹೊಡೆದುಬಿಡೋಣ ಎಂದು ನುಗ್ಗಿದವನೂ ನಾನು. ನನ್ನ ಮೈಯೆಲ್ಲ ಹೋಗಿ ಬಿದ್ದದ್ದು ಅವನ ಎತ್ತಿದ ಕೈಯ ಮೇಲೆ. ಗುಂಡಿ ನಾನು, ಧೂಳು ನಾನು, ಕರಿ ನಾಯಿ ನಾನು. ಎಪ್ಪತ್ತು ಕ್ಯಾನುಗಳ ಮುಂದೆ, ಎಪ್ಪತ್ತು ಸುಳ್ಳುಗಳ ಹಿಂದೆ, ಇವನು ದಿನಾ ಮುಚ್ಚಿಟ್ಟದ್ದು ನನ್ನ ಹೆಸರನ್ನು. ನಾನೋ, ಆ ಸುಳ್ಳುಗಳನ್ನೇ ಹಿಡಿದು ಊರೆಲ್ಲ ನಗಿಸಿಕೊಂಡು ತಿರುಗಿದ್ದೆ.

"ಬಾವ, ನಾನು ಬೇಕಂತ…"

"ಅದು ಯಾರು ಕೇಳಿದ್ರೀಗ? ನಂಗೆ ಭಯ ಇಲ್ಲ ಅಂತ ಏಳಾಕಿಲ್ಲ. ಕೈ ಎತ್ತಿದ್ರೆ ಆವತ್ತಿನ ಸದ್ದು ಕೇಳಿಸ್ತೈತೆ. ಆದ್ರೆ ನನ್ನ ಮುಂದೆ ನಿಲ್ಲೋನು ಮುಖ ತಪ್ಪಿಸ್ಕೊಂಡು ಸ್ಕೂಟ್ರು ಓಡಿಸ್ತಾ ಇದ್ರೆ, ನಾನ್ ಒಬ್ನೇ ಎಂಗೆ ರೆಡಿ ಆಗ್ಲಿ? ಎಂಟು ತಿಂಗಳಿಂದ ಕಾಯ್ತಾ ಇವ್ನಿ, ನಿನ್ ಮಂಡಿ ಯಾವಾಗ ವಾಸಿ ಆಗ್ತೈತೆ ಅಂತ." ಕುರ್ಚಿಯಿಂದ ಎದ್ದು, ಮರಕ್ಕೆ ಒರಗಿಸಿದ್ದ ಯಾರದೋ ಬ್ಯಾಟು ತೆಗೆದು ನನ್ನ ಕೈಗೆ ತುರುಕಿದ. "ಏಳ್ಲಾ. ನಿಂಗೆಷ್ಟು ಬಂದೈತೆ? ಹತ್ತರೊಳಗೆ."

ನನ್ನ ಕಣ್ಣಿಗೆ ದಿಣ್ಣೆಯ ಧೂಳು ಬಿದ್ದಿತ್ತು. ಇದು ಮಾತ್ರ ಸುಳ್ಳಲ್ಲ, ಗಾಳಿ ಅತ್ತ ಕಡೆಯಿಂದಲೇ ಬೀಸುತ್ತಿತ್ತು.

"ಮೂರೂವರೆ" ಎಂದೆ.

"ಒಳ್ಳೆ ಹಾಲು" ಎಂದ ಭಾವ. "ನಡಿ."

ನಮ್ಮವರಿಬ್ಬರು ಹೊರಬಂದು ಜಾಗ ಕೊಟ್ಟರು. ಭಾವ ಹಿಂದೆ, ನಾನು ನಡುವೆ. ಎದುರಿನ ಕ್ಯಾಪ್ಟನ್ ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಯಾವುದನ್ನು ಹೊಡೆದರೆ ನಾವು ಸಾಯುತ್ತೇವೋ ಅದನ್ನೇ ಹೊಡೆದ: ಎತ್ತರಕ್ಕೆ, ಇಬ್ಬರ ನಡುವೆ. ಹಳದಿ ಚೆಂಡು ಮೇಲೇರಿ, ಬಿಸಿಲಿನಲ್ಲಿ ಒಂದು ಗಳಿಗೆ ನಿಂತು, ಇಳಿಯತೊಡಗಿತು. ನನ್ನ ಕಾಲು ಹೊರಡಲು ಎದ್ದಿತ್ತು.

"ಬಾವ, ನಿಂದು!" ಎಂದು ಕೂಗಿದೆ. ಕೂಗಿ, ನಿಂತಲ್ಲೇ ನಿಂತೆ.

ಬೆನ್ನ ಹಿಂದೆ ಓಡಿಬರುವ ಬೂಟಿನ ಸದ್ದು ಕೇಳಿಸಿತು. ತಾಲೂಕಿನ ಆ ಬುದ್ಧಿವಂತ ಭುಜ ನನ್ನ ತಲೆಯ ಮೇಲೆ ಪೂರ್ತಿ ಎದ್ದಿತು, ಬೀಸಿತು, ಚೆಂಡನ್ನು ತೆಗೆದುಕೊಂಡು ಹೋಗಿ ನೇರವಾಗಿ ನೆಟ್ಟಿಗೆ ಹೊಡೆಯಿತು. ಪಾಯಿಂಟು ಅವರದಾಯಿತು.

ಭಾವ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಮೇಲೆತ್ತಿದ ತನ್ನ ಕೈಯನ್ನೇ ನೋಡುತ್ತ ನಿಂತಿದ್ದ.